ರೂಬೆನ್ನನ ಪಕ್ಕದ ಜಾಗ

ಸೆಡ್ರಿಕ್ ಥರ್ಟಲ್ ತೀರಿಕೊಂಡು ಏಳು ವಾರವಾಯಿತು. ದುಡಿಯುವಷ್ಟು ಕಾಲ ನಮ್ಮೂರಿನ ಬೇಲಿಗಳನ್ನು ಕಟ್ಟಿದ. ಆಮೇಲೆ ನಮ್ಮೂರಿನ ವಂಶವೃಕ್ಷಗಳನ್ನು. ಯಾರ ಅಜ್ಜಿ ಯಾರ ಮನೆಯಲ್ಲಿ ಅಡುಗೆಗಿದ್ದಳು, ಯಾರ ತಾತ ಮೊಲ ಕದ್ದು ಜೈಲಿಗೆ ಹೋದ, ಎಲ್ಲವೂ ಅವನ ಬಾಯಲ್ಲಿತ್ತು. ಹಾಗೆಂದು ಯಾರೋ ಹೇಳಿದ್ದನ್ನೆಲ್ಲ ನಂಬುವವನಲ್ಲ. ಪಬ್ಬಿನಲ್ಲಿ ಯಾರಾದರೂ ತಮ್ಮ ಮುತ್ತಾತ ಹಡಗಿನ ಕ್ಯಾಪ್ಟನ್ ಆಗಿದ್ದ ಎಂದರೆ, ಬಿಯರ್ ಲೋಟ ಕೆಳಗಿಟ್ಟು, "ಕಾಗದ ತೋರ್ಸು" ಎನ್ನುತ್ತಿದ್ದ. ಎಷ್ಟೋ ಕ್ಯಾಪ್ಟನ್ನರು ಹೀಗೆ ಅಡುಗೆಭಟ್ಟರಾಗಿ ಇಳಿದರು.

ಅವನ ಸ್ವಂತ ಹೆಮ್ಮೆ ಮಾತ್ರ ಚರ್ಚಿನ ಹಿಂದಿತ್ತು. 'ರೂಬೆನ್ ಥರ್ಟಲ್, ೧೮೪೭' ಎಂದಷ್ಟೇ ಓದಲು ಬರುವ ಸವೆದ ಸಮಾಧಿಗಲ್ಲು. ಮುತ್ತಾತನ ಅಪ್ಪ. ಮೂವತ್ತು ವರ್ಷ ಪ್ರತಿ ಶನಿವಾರ ಹೋಗಿ ಅಲ್ಲಿನ ಹುಲ್ಲು ಕತ್ತರಿಸಿ, ವಾರದ ಸುದ್ದಿಯನ್ನೂ ಒಪ್ಪಿಸಿ ಬರುತ್ತಿದ್ದ.

ಮಾರ್ಚಿನಲ್ಲಿ ಡಾಕ್ಟರು, ಸೇಬು ಹಣ್ಣಾಗುವವರೆಗೆ ಇದ್ದರೆ ಹೆಚ್ಚು ಎಂದರು. ಸೆಡ್ರಿಕ್ ಚರ್ಚು ನೋಡಿಕೊಳ್ಳುವ ಪಾದ್ರಿಯಮ್ಮನನ್ನು ಒಪ್ಪಿಸಿ, ತನ್ನ ಸಮಾಧಿಗೆ ರೂಬೆನ್ನನ ಪಕ್ಕದ ಜಾಗ ಹಿಡಿದು, ನೇರ ನನ್ನ ಮನೆಗೆ ಬಂದ.

"ಮೇಷ್ಟ್ರೇ, ನನ್ನ ಕಲ್ಲಿನ ಮೇಲೆ 'ರೂಬೆನ್ನನ ವಂಶದವನು' ಅಂತ ಕೆತ್ತಿಸ್ಬೇಕು. ಅವನದೊಂದು ದಾಖಲೆ ನಕಲು ತಂದ್ಕೊಡಿ. ನನಗೆ ಬಸ್ ಹತ್ತೋಕಾಗಲ್ಲ."

"ಇಷ್ಟು ವರ್ಷದಲ್ಲಿ ನೀನೇ ನೋಡಿಲ್ವೇನಯ್ಯಾ?"

"ನಮ್ಮಪ್ಪ ಕೈಹಿಡಿದು ತೋರಿಸಿದ ಕಲ್ಲು. ಅದಕ್ಕೂ ಕಾಗದ ಬೇಕಾ? ಕೆತ್ತಿಸೋದಕ್ಕೆ ಮಾತ್ರ ಇರ್ಲಿ ಅಂತ."

ಜಿಲ್ಲೆಯ ದಾಖಲೆ ಕಚೇರಿಯಲ್ಲಿ ಚರ್ಚಿನ ಹಳೆಯ ಸಮಾಧಿ ಪುಸ್ತಕ ತೆಗೆಸಿದೆ. ರೂಬೆನ್ ಥರ್ಟಲ್, ವಯಸ್ಸು ಹತ್ತೊಂಬತ್ತು. ಅಂಚಿನಲ್ಲಿ ಅಂದಿನ ಪಾದ್ರಿಯ ಸಣ್ಣ ಅಕ್ಷರ: ಹುಲ್ಲಿನ ಗಾಡಿಯಿಂದ ಬಿದ್ದ, ಮದುವೆಯಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ, ಕಲ್ಲು ಹಾಕಿಸಿದ್ದು ಕೆಲಸ ಕೊಟ್ಟ ಯಜಮಾನ. ಮಧ್ಯಾಹ್ನದ ಹೊತ್ತಿಗೆ ಸೆಡ್ರಿಕ್‌ನ ನಿಜವಾದ ಹಿರಿಯನೂ ಸಿಕ್ಕಿದ. ಅದೇ ಹೆಸರಿನ ಇನ್ನೊಬ್ಬ. ಏಳು ಮಕ್ಕಳ ತಂದೆ. ಪಕ್ಕದೂರಿನ ಚಾಪೆಲ್‌ನಲ್ಲಿ, ಅಂದರೆ ನಮ್ಮ ಚರ್ಚಿನಿಂದ ಬೇರೆಯಾದ ಪಂಥದವರ ಪ್ರಾರ್ಥನಾಮಂದಿರದಲ್ಲಿ, ಕುಡಿತದ ವಿರುದ್ಧ ಉಪದೇಶ ಮಾಡುತ್ತಿದ್ದವನು, ಅಲ್ಲಿನ ಅಂಗಳದಲ್ಲೇ ಮಣ್ಣಾಗಿದ್ದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಳ್ಳು ಹೊಸೆದೆ. ಸಾಯುವವನಿಂದ ಅವನ ಹಿರಿಯನನ್ನು ಕಿತ್ತುಕೊಳ್ಳಲು ನಾನ್ಯಾರು? ಆದರೆ ಕಲ್ಲಿನಲ್ಲಿ ತಪ್ಪು ಕೆತ್ತಿಸಿದರೆ ಸೆಡ್ರಿಕ್ ನನ್ನನ್ನು ಕ್ಷಮಿಸುವವನಲ್ಲ. ನಕಲನ್ನು ಅವನ ಕೈಗೇ ಕೊಟ್ಟೆ, ಉಳಿದದ್ದನ್ನೂ ಹೇಳಿದೆ.

ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಚಹಾ ಆರಿತು.

"ಚಾಪೆಲ್ಲಿನವನಾ?" ಎಂದ. "ಅದೂ ಕುಡಿಯದವನು?"

"ಏಳು ಮಕ್ಕಳು."

"ಆಗ್ದೇ ಏನು, ಸಂಜೆ ಪಬ್ಬಿಗೆ ಹೋಗದಿದ್ರೆ."

ಇಬ್ಬರೂ ನಕ್ಕೆವು. ಅವನಿಗೆ ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದ: "ಪಾಪ ಆ ಹುಡುಗ. ಯಾವನೋ ಮುದುಕ ವಾರವಾರ ಬಂದು ತಾತಾ ಅಂತಾನಲ್ಲ ಅಂತ ತಲೆ ಚಚ್ಕೊಂಡಿರ್ತಾನೆ."

"ಜಾಗ ಚಾಪೆಲ್ಲಿಗೆ ಬದಲಾಯಿಸೋಕೆ ಕೇಳ್ಲಾ?"

"ಬೇಡಿ ಮೇಷ್ಟ್ರೇ. ಆ ಉಪದೇಶಿಯ ವಂಶ ಜಿಲ್ಲೆ ತುಂಬ ಇದೆ, ನೋಡ್ಕೊತಾರೆ. ಈ ಹುಡುಗನಿಗೆ ಯಾರಿದ್ದಾರೆ? ನಾನು ಅಲ್ಲೇ ಇರ್ತೀನಿ. ಕೆತ್ತಿಸೋದು ಮಾತ್ರ ಬೇರೆ ಬರ್ಕೊಡ್ತೀನಿ."

ಆ ಗುರುವಾರವೇ ನಮ್ಮೂರಿನ ಇತಿಹಾಸ ಸಂಘದ ಸಭೆಯಲ್ಲಿ ಎದ್ದು ನಿಂತು, ಗೋಡೆಯ ಮೇಲಿದ್ದ ಥರ್ಟಲ್ ವಂಶವೃಕ್ಷದಲ್ಲಿ ತಾನೇ ಎಳೆದಿದ್ದ ಗೆರೆಯನ್ನು ತಾನೇ ಹೊಡೆದುಹಾಕಿದ. ಅವನಿಂದ ಕ್ಯಾಪ್ಟನ್ನರನ್ನು ಕಳೆದುಕೊಂಡವರೆಲ್ಲ ಚಪ್ಪಾಳೆ ತಟ್ಟಿದರು.

ಸೆಪ್ಟೆಂಬರಿನಲ್ಲಿ ಅವನನ್ನು ರೂಬೆನ್ನನ ಪಕ್ಕದಲ್ಲಿ ಮಣ್ಣು ಮಾಡಿದೆವು. ನಿನ್ನೆ ಕಲ್ಲುಕುಟಿಗ ಫೋನ್ ಮಾಡಿದ್ದ. "'ರೂಬೆನ್ನನ ನೆರೆಯವನು' ಅಂತ ಬರ್ದಿದೆ ಸಾರ್. 'ಬಂಧು' ಅಂತ ಇರ್ಬೇಕಿತ್ತಾ?"

ಇಲ್ಲ, ಬರೆದದ್ದೇ ಸರಿ ಎಂದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅತ್ತೆ.