ಕತ್ತರಿಯಿಂದ ತುಂಬಿದ ಹಗೇವು

ಅಂಗಡಿಯ ಗಲ್ಲಾದ ಬಳಿ ನಾವು ನಾಲ್ಕು ಜನ ಇದ್ದೆವು. ನಾನು, ನಮ್ಮ ಯಜಮಾನರು, ಅವರ ಅಕ್ಕ ಗೌರಮ್ಮ, ಅಂದರೆ ನನ್ನ ಅತ್ತಿಗೆ, ಮತ್ತು ಸಾಮಾನು ಲೆಕ್ಕ ಹಾಕುವ ಕೆಂಪು ಕೂದಲಿನ ಹುಡುಗಿ. ಹಾರನಹಳ್ಳಿ ಬಿಟ್ಟು ಅಮೆರಿಕದ ಒಹಾಯೊ ರಾಜ್ಯದ ಈ ಸಣ್ಣ ಊರಿಗೆ ಬಂದಿಳಿದ ಮೂರನೆಯ ದಿನ ಅದು. ಎರಡು ತಳ್ಳುಗಾಡಿ ತುಂಬ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ. ಹುಡುಗಿ ಒಂದೊಂದನ್ನೇ ಯಂತ್ರಕ್ಕೆ ತೋರಿಸಿದ ಹಾಗೆ ಮೊತ್ತ ಏರುತ್ತಿತ್ತು. ಆಗ ಅತ್ತಿಗೆ ಚೀಲದಿಂದ ಕಾಗದದ ಚೂರುಗಳ ಒಂದು ಕಂತೆ ತೆಗೆದುಕೊಟ್ಟರು. ಹುಡುಗಿ ಅವನ್ನೂ ಯಂತ್ರಕ್ಕೆ ತೋರಿಸಿದಳು. ಮೊತ್ತ ಇಳಿಯತೊಡಗಿತು. ಇಳಿದೂ ಇಳಿದೂ, ಕೊನೆಗೆ ಅತ್ತಿಗೆ ಕೊಟ್ಟದ್ದು ಹುಣಸೂರಿನ ಹೋಟೆಲಿನಲ್ಲಿ ನಾಲ್ಕು ಜನ ದೋಸೆ ತಿಂದಷ್ಟು.

ಹೊರಗೆ ಬಂದ ಮೇಲೆ ಯಜಮಾನರು ಮೆತ್ತಗೆ ಕೇಳಿದರು. "ಅಕ್ಕ, ಇದು ಕಳ್ತನ ಅಲ್ವಾ?"

"ಅಲ್ಲ ಕಣ್ಲಾ, ಕತ್ರಿ ಕೆಲ್ಸ."

ಭಾನುವಾರದ ಪೇಪರಿನೊಳಗೆ ಬಣ್ಣದ ಹಾಳೆಗಳು ಬರುತ್ತವೆ. ಅದರಲ್ಲಿ ಚೌಕ ಚೌಕವಾಗಿ ಕೂಪನ್ನುಗಳು. ಕತ್ತರಿಸಿಕೊಂಡು ಹೋದರೆ ಆ ಸಾಮಾನಿಗೆ ಅಷ್ಟು ಕಡಿಮೆ. ಕೆಲವು ಅಂಗಡಿಗಳು ಕೂಪನ್ನಿನ ಬೆಲೆಯನ್ನು ಎರಡು ಪಟ್ಟು ಮಾಡಿ ಕಳೆಯುತ್ತವೆ. ಸಾಮಾನು ಮುಗಿದಿದ್ದರೆ 'ರೈನ್‌ಚೆಕ್' ಅಂತ ಒಂದು ಚೀಟಿ ಬರೆದುಕೊಡುತ್ತಾರೆ; ಮುಂದೆ ಬಂದಾಗಲೂ ಇದೇ ಬೆಲೆಗೆ ಕೊಡುತ್ತೇವೆ ಎಂಬ ಮಾತು ಅದು. ಒಂದು ಚೂರು ಕಾಗದಕ್ಕೆ ಇಷ್ಟು ಬೆಲೆ ಕೊಡುವ ಜನರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸಾಮಾನು ಇಳಿಸಲು ಅತ್ತಿಗೆ ಮನೆಯ ಕೆಳಗಿನ ಬೇಸ್‌ಮೆಂಟಿನ ಬಾಗಿಲು ತೆಗೆದರು. ಅದು ನೆಲದಡಿಯ ಕೋಣೆ. ಕತ್ತಲು, ತಣ್ಣನೆಯ ಗಾಳಿ, ಕೆಳಗೆ ಗೋಡೆಯುದ್ದಕ್ಕೂ ಕಾಳುಕಡ್ಡಿ. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ.

"ಯಾಕೇ ನಿಂತ್ಕಂಡೆ?"

"ಗಾಳಿ ಆಡ್ಲಿ ಅತ್ಗೆ."

ನಮ್ಮ ತಾತನ ಮನೆಯ ಮುಂದೆ ನೆಲದಡಿ ರಾಗಿ ತುಂಬಿಡುವ ಹಗೇವು ಇತ್ತು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಯ ಚಪ್ಪಡಿ ಸರಿಸಿ ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ, ಯಾರೂ ಇಳಿಯುವಂತಿಲ್ಲ. ಅತ್ತಿಗೆಗೆ ಅರ್ಥವಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹದಿನೆಂಟು ವರ್ಷದಿಂದ ಈ ಮನೆಯಲ್ಲಿ ಹಗೇವಿನ ಮಾತು ಆಡಿದವರಿಲ್ಲ ಅಂದರು. ನರ್ಸ್ ಆಗಿ ಬಂದವರು; ಅವರ ಗಂಡ, ನಮ್ಮ ಭಾವನವರು ತೀರಿಕೊಂಡ ಮೇಲೆ ಒಬ್ಬರೇ ಇದ್ದರು.

ಯಜಮಾನರಿಗೆ ಒಂದು ಬೇಕರಿಯಲ್ಲಿ ಕೆಲಸ ಸಿಕ್ಕಿತು. ನನಗೆ ನನ್ನದೇ ಒಂದು ಒಲೆ ಬೇಕೆನ್ನಿಸತೊಡಗಿತು. ಬೇರೆ ಮನೆ ಮಾಡುವ ಮಾತು ಎತ್ತಿದೆ.

"ಮೂರು ತಿಂಗ್ಳು ಕೂತು ಉಣ್ಣೋವಷ್ಟು ನಿಂದೇ ಅಂತ ಜೋಡಿಸ್ಕೊ. ಅಲ್ಲೀಗಂಟ ಇಲ್ಲೇ ಇರು" ಅಂದರು ಅತ್ತಿಗೆ. ಅವರು ಬಂದ ಮೊದಲ ಚಳಿಗಾಲದಲ್ಲಿ ಭಾವನವರ ಕೆಲಸ ಹೋಗಿ, ಹಿಮ ಬಿದ್ದು ದಾರಿ ಮುಚ್ಚಿ, ನಾಲ್ಕು ದಿನ ಬರೀ ಬ್ರೆಡ್ಡು ನೆನೆಸಿ ತಿಂದಿದ್ದರಂತೆ. "ಇದು ಆರ್ನಳ್ಳಿ ಅಲ್ಲ ಕಣೇ. ಪಾವು ಇಡ್ಕಂಡು ಪಕ್ಕದ ಮನೆ ಬಾಗ್ಲಿಗೆ ಓಗಂಗಿಲ್ಲ ಇಲ್ಲಿ."

ಆ ಚಳಿಗಾಲವೆಲ್ಲ ನಾನು ಕತ್ತರಿ ಹಿಡಿದೆ. ಭಾನುವಾರ ಬೆಳಗ್ಗೆ ಅತ್ತಿಗೆ ಮೇಜಿನ ಆ ಕಡೆ, ನಾನು ಈ ಕಡೆ. ಅವರು ಹಾರನಹಳ್ಳಿಯ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ತೀರಿಕೊಂಡವರ ಸುದ್ದಿ ಬಂದಾಗ ಮಾತ್ರ ಕತ್ತರಿ ನಿಲ್ಲುತ್ತಿತ್ತು. ನಾನು ಈ ಊರಿನಲ್ಲಿ ಧೈರ್ಯವಾಗಿ ಆಡಿದ ಮೊದಲ ಇಂಗ್ಲಿಷ್ ವಾಕ್ಯವೆಂದರೆ, ನಿಮ್ಮ ಪೇಪರಿನ ಕೂಪನ್ನು ನಿಮಗೆ ಬೇಡವಾದರೆ ನನಗೆ ಕೊಡುತ್ತೀರಾ ಎಂಬುದು. ಮೊಣಕಾಲುದ್ದ ಹಿಮ ತುಳಿದು ಏಳು ಮನೆ ಕೇಳಿದೆ. ಐದು ಮನೆಯವರು ಕೊಟ್ಟರು. ಒಬ್ಬ ಮುದುಕಿ ಒಳಗೆ ಕರೆದು ಕೂರಿಸಿ, ತಾನೇ ಕತ್ತರಿಸಿಕೊಟ್ಟಳು.

ಬೇಕರಿಗೆ ಕ್ರೀಮು ಬರುವ ಮುಚ್ಚಳದ ಬಕೆಟ್ಟುಗಳನ್ನು ಯಜಮಾನರು ತೊಳೆದು ತಂದರು. ನಾನು ಊರಲ್ಲಿ ಮಾಡುವ ಹಾಗೆ, ತಂದ ಪೊಟ್ಟಣವನ್ನೆಲ್ಲ ಒಡೆದು ಅಕ್ಕಿಗೆ ಅಕ್ಕಿ, ಬೇಳೆಗೆ ಬೇಳೆ ಸುರಿದೆ. ಹುಳ ಬೀಳದಿರಲು ಬೇವಿನ ಸೊಪ್ಪು ಎಲ್ಲಿಂದ ತರುವುದು, ಪಲಾವ್ ಎಲೆ ಹಾಕಿದೆ. ಖಾಲಿ ಪೊಟ್ಟಣಗಳನ್ನೆಲ್ಲ ಕಸಕ್ಕೆ ಹಾಕಿದೆ.

ಮಾರ್ಚ್ ಕೊನೆಗೆ ಅತ್ತಿಗೆ ನನ್ನ ಬಕೆಟ್ಟುಗಳ ಪರೀಕ್ಷೆಗೆ ಬೇಸ್‌ಮೆಂಟಿಗೆ ಬಂದರು. ಮೊದಲ ಬಕೆಟ್ಟಿನ ಮುಚ್ಚಳ ತೆಗೆದವರೇ ಹಣೆ ಚಚ್ಚಿಕೊಂಡರು. "ಪೊಟ್ನ ಎಲ್ಲೇ? ತಾರೀಕು ಅದ್ರ ಮೇಲ್ತಾನೇ ಇರೋದು? ಯಾವ್ದು ಅಳೇದು, ಯಾವ್ದು ಒಸದು, ಎಂಗೆ ಗೊತ್ತಾಗದು?"

ಈ ದೇಶದಲ್ಲಿ ಪ್ರತಿ ಪೊಟ್ಟಣದ ಮೇಲೂ ಕೊನೆಯ ದಿನ ಬರೆದಿರುತ್ತದೆ. ಹಳೆಯದನ್ನು ಮುಂದಿಟ್ಟು ಹೊಸದನ್ನು ಹಿಂದಿಡಬೇಕು. ಇನ್ನೊಂದು ಚಳಿಗಾಲ ಅತ್ತಿಗೆಯ ಮನೆಯಲ್ಲೇ ಕಳೆಯಬೇಕಾಗುತ್ತದೆ ಎಂದುಕೊಂಡೆ. "ತಾತನ ರಾಗಿ ಮೇಲೆ ತಾರೀಕು ಯಾರು ಬರ್ದಿದ್ರು ಅತ್ಗೆ?" ಅಂದೆ.

ಅತ್ತಿಗೆ ಬಳೆ ಮೇಲಕ್ಕೆ ಸರಿಸಿ, ಮೊಣಕೈವರೆಗೂ ಅಕ್ಕಿಯೊಳಗೆ ಕೈ ಇಳಿಸಿದರು. ತಳದಿಂದ ಒಂದು ಹಿಡಿ ತೆಗೆದು ಮೂಸಿದರು. ಎರಡು ಕಾಳು ಬಾಯಿಗೆ ಹಾಕಿಕೊಂಡು ಕಟುಂ ಅನ್ನಿಸಿದರು. ಒಂಬತ್ತು ಬಕೆಟ್ಟಿಗೂ ಹೀಗೇ ಮಾಡಿದರು. ಆಸ್ಪತ್ರೆ ಕೆಲಸದ ಅಂಗಿ ತೊಟ್ಟಿದ್ದ ಆ ಹೆಂಗಸು ಹಗೇವಿಗೆ ಇಳಿದ ನಮ್ಮ ತಾತನ ಹಾಗೇ ಕಂಡರು.

"ಮುಗ್ಗು ವಾಸ್ನೆ ಇಲ್ಲ," ಅಂದರು ಕೊನೆಗೆ. "ಓಗು. ಮನೆ ನೋಡ್ಕೊ."

ಮೂರು ಬೀದಿ ಆಚೆ ಬಾಡಿಗೆ ಮನೆ ಸಿಕ್ಕಿತು. ನನ್ನ ಒಲೆಯ ಮೇಲೆ ಮೊದಲ ದಿನ ಹಾಲು ಉಕ್ಕಿತು. ಸಂತೋಷವಾಗಿತ್ತು, ಆದರೆ ಅತ್ತಿಗೆಯ ಮನೆ ನೆನಪಾಗುತ್ತಿತ್ತು. ಹಾರನಹಳ್ಳಿಗೆ ಫೋನು ಮಾಡಿದರೆ ಬಾಯಿತಪ್ಪಿ "ನಮ್ಮೂರಲ್ಲಿ ಹಿಮ ಬಿದ್ದಿದೆ" ಅನ್ನುತ್ತಿದ್ದೆ. ಇಲ್ಲಿ ಕೂಪನ್ನು ಕತ್ತರಿಸಿಕೊಟ್ಟ ಮುದುಕಿಗೆ "ನಮ್ಮೂರಲ್ಲಿ ಈಗ ಬಿರುಬಿಸಿಲು" ಅನ್ನುತ್ತಿದ್ದೆ.

ಮೊದಲ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಅತ್ತಿಗೆ ನಿಂತಿದ್ದರು, ಕೈಯಲ್ಲಿ ಒಂದು ಪಾವು.

"ಅಕ್ಕಿ ಮುಗ್ದೋಯ್ತು ಕಣೇ. ಒಂದ್ ಪಾವು ಕೊಡು."

ಅವರ ನೆಲಮಾಳಿಗೆಯಲ್ಲಿ ಎರಡು ವರ್ಷಕ್ಕಾಗುವಷ್ಟು ಅಕ್ಕಿ ಇತ್ತು. ನಾನು ಅಳೆದುಕೊಟ್ಟೆ. ಮುಂದಿನ ಭಾನುವಾರ ಅದೇ ಪಾವಿನಲ್ಲಿ, ಬಾಯಿಯ ಮೇಲೆ ದಿಬ್ಬ ಏರುವಂತೆ ತುಂಬಿ, ವಾಪಸು ತಂದರು. ಕಂಕುಳಲ್ಲಿ ಪೇಪರೂ ಇತ್ತು, ಕತ್ತರಿಯೂ ಇತ್ತು.