ರೇವವ್ವನ ಅನುಮಾನ, ಹನ್ನಾಬಾಯಿಯ ಕುಬಸ

ಮಿಶ್ರಿಕೋಟಿಯ ರೇವವ್ವನಷ್ಟು ಅನುಮಾನದ ಹೆಂಗಸು ಆ ಸೀಮೆಯಲ್ಲೇ ಇರಲಿಲ್ಲ ಬಿಡಿ! ಅಯ್ಯನವರು ಮುಹೂರ್ತ ಹೇಳಿದರೆ ಇನ್ನೊಬ್ಬ ಅಯ್ಯನವರನ್ನು ಕೇಳಿ ಬರುವಳು. ಸಂತೆಯಲ್ಲಿ ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಹುಳ ಇದ್ದರೆ ಸಪ್ಪಳ ಬರುತ್ತದೆ ಅನ್ನುವಳು. ಗಂಡ ಈರಬಸಪ್ಪ ಹೊಲದಿಂದ ದಿನಕ್ಕಿಂತ ಬೇಗ ಬಂದರೆ ಹಣೆ ಮುಟ್ಟಿ ನೋಡುವಳು. ಜ್ವರ ಇಲ್ಲ ಅಂತಾದರೆ ಮುಗಿಯಿತು, "ಹಂಗಾರ ಯಾಕ ಬಂದ್ರಿ?" ಅಂತ ಶುರು.

ಇಂಥವಳ ಮನೆಗೇ ಜರ್ಮನಿಯವರು ಬಾಡಿಗೆಗೆ ಬಂದರು. ಎಪ್ಪತ್ತನಾಲ್ಕನೆಯ ಇಸವಿ. ಆ ಸುತ್ತಿನ ಹಳ್ಳಿಗಳಲ್ಲಿ ಬಾವಿ ತೋಡಿಸಲು ಯಾವುದೋ ಕ್ರೈಸ್ತ ಸಂಘದವರು ಡೀಟರ್ ಅನ್ನುವ ಎತ್ತರದ ಸಾಹೇಬನನ್ನು ಕಳಿಸಿದ್ದರು. ಜೊತೆಗೆ ಅವನ ಹೆಂಡತಿ ಹನ್ನಾ. ಮದುವೆಯಾಗಿ ವರ್ಷವೂ ಕಳೆದಿರಲಿಲ್ಲ, ಹಡಗು ಹತ್ತಿ ಬಂದುಬಿಟ್ಟಿದ್ದರು. ರೇವವ್ವ ಹೂಲಿಕಟ್ಟಿಯ ಅಕ್ಕನ ಮನೆಗೆ ಹೋದಾಗ ಈರಬಸಪ್ಪ ಮುಂದಿನ ಎರಡು ಖೋಲಿಗಳನ್ನು ಅವರಿಗೆ ಕೊಟ್ಟು ಕೂತಿದ್ದ. ರೇವವ್ವ ತಿರುಗಿ ಬಂದು ನೋಡುತ್ತಾಳೆ, ತನ್ನ ಕಟ್ಟೆಯ ಮೇಲೆ ಬಿಳಿ ಹೆಂಗಸೊಂದು ಲಂಗ ತೊಟ್ಟು ಕುಳಿತು ಅವರೆಕಾಯಿ ಸುಲಿಯುತ್ತಿದೆ!

"ಯಾರಿದು?"

"ಭಾಳ ಸಂಭಾವಿತ ಮಂದಿ ಅದಾರ," ಅಂದ ಈರಬಸಪ್ಪ.

"ಸಂಭಾವಿತರು ಅಂತ ನಿಮಗ ಹೆಂಗ ಗೊತ್ತಾತು? ಅವರ ಮಾತು ನಿಮಗ ತಿಳೀತೇನ?"

"ತಿಳೀಲಿಲ್ಲ. ಅದಕ್ಕ ಸಂಭಾವಿತರು ಅಂದೆ."

ಅವತ್ತಿನಿಂದ ರೇವವ್ವನ ಕಣ್ಣು ನಡುಬಾಗಿಲ ಸಂದಿಗೇ ಅಂಟಿಕೊಂಡಿತು. ಕಂಡದ್ದೆಲ್ಲ ಅವಳಿಗೆ ವಿಚಿತ್ರವೇ. ಹನ್ನಾಳ ಕೊರಳಲ್ಲಿ ತಾಳಿ ಇಲ್ಲ, ಕಾಲಲ್ಲಿ ಉಂಗುರ ಇಲ್ಲ, ಕೈ ಬೋಳು. ಊಟಕ್ಕೆ ಕೂತರೆ ಗಂಡ-ಹೆಂಡತಿ ಇಬ್ಬರೂ ಕೈ ಕೈ ಹಿಡಿದು, ಕಣ್ಣು ಮುಚ್ಚಿ, ಅನ್ನದ ಮುಂದೆ ಗುಣುಗುಣು ಅನ್ನುತ್ತಾರೆ. ರವಿವಾರ ಬಾಗಿಲು ಹಾಕಿಕೊಂಡು ಹಾಡುತ್ತಾರೆ.

"ಮಾಟ ಮಾಡ್ತಾರ ಬೇ ಇವರು," ಅಂತ ಮಗಳ ಕಿವಿಯಲ್ಲಿ ಊದಿದಳು.

ಮಗಳು ನೀಲಕ್ಕ ಹತ್ತೊಂಬತ್ತರ ಹುಡುಗಿ, ಅವ್ವನ ಹಾಗಲ್ಲ. ಆಗಲೇ ಹನ್ನಾಳ ಗೆಳತಿಯಾಗಿ ಅವಳಿಗೆ ಕನ್ನಡ ಕಲಿಸುತ್ತಿದ್ದಳು. "ಯವ್ವಾ, ನೀ ಲಿಂಗಪೂಜಿ ಮಾಡದ ಉಣ್ತೀ ಏನ? ಅವರದೂ ಹಂಗ. ದೇವರನ್ನ ನೆನಸಿ ಉಣ್ತಾರ."

"ನಾ ಪೂಜಿ ಮಾಡೂವಾಗ ಯಾರ ಕೈ ಹಿಡಕೋತೇನಿ ಹೇಳು ನೋಡೋಣ?"

ಹನ್ನಾಳ ಕನ್ನಡ ಕೇಳಬೇಕಿತ್ತು ನೀವು! ಮರ್ಯಾದೆ ಕೊಡಬೇಕು ಅಂತ ನೀಲಕ್ಕ ಹೇಳಿಕೊಟ್ಟಿದ್ದೇ ತಡ, ಎಲ್ಲದಕ್ಕೂ 'ರಿ' ಹಚ್ಚಿಬಿಟ್ಟಳು. ಬೆಕ್ಕಿಗೆ "ಹಾಲು ಕುಡೀರಿ," ಎಮ್ಮೆಗೆ "ಬಾಜು ಸರೀರಿ." ಇಡೀ ಓಣಿ ಬಿದ್ದು ಬಿದ್ದು ನಕ್ಕಿತು. ರೇವವ್ವ ಮಾತ್ರ ನಗಲಿಲ್ಲ. ಇಷ್ಟು ಸಿಹಿ ಮಾತಾಡುವವರ ಹೊಟ್ಟೆಯಲ್ಲಿ ಏನೋ ಇರಲೇಬೇಕು ಅಂದುಕೊಂಡಳು.

ಹೊಟ್ಟೆಯಲ್ಲಿ ಇದ್ದದ್ದು ಕೂಸು. ಬರಬರುತ್ತ ಅದು ಎಲ್ಲರ ಕಣ್ಣಿಗೂ ಕಾಣತೊಡಗಿತು. ಹನ್ನಾಳ ಅವ್ವ ಬರಲಿಲ್ಲ, ಅಪ್ಪ ಬರಲಿಲ್ಲ. ಚೊಚ್ಚಲ ಬಸುರಿಯನ್ನು ಕೇಳುವವರು ಯಾರೂ ಇಲ್ಲ. ಬಂದವನು ಒಬ್ಬನೇ, ಮತಿಯಾಸ್ ಅನ್ನುವ ಗಡ್ಡದವನು. ಹುಬ್ಬಳ್ಳಿಯಲ್ಲಿ ಬಾವಿ ತೋಡುವ ಮಶೀನುಗಳನ್ನು ರಿಪೇರಿ ಮಾಡುವ ಜರ್ಮನಿಯವನು. ಶನಿವಾರ ಬಂತೆಂದರೆ ಫಟಫಟಿ ಮೋಟಾರುಬೈಕು ಏರಿ ಧೂಳೆಬ್ಬಿಸುತ್ತ ಬರುವನು. ಡೀಟರ್ ಇನ್ನೂ ಬಾವಿಯ ಕೆಲಸದಿಂದ ಬಂದಿರುವುದಿಲ್ಲ, ಇವನು ಆಗಲೇ ಹನ್ನಾಳ ಜೊತೆ ಕಟ್ಟೆಯ ಮೇಲೆ ಕೂತು ಹರಟುತ್ತಿರುವನು. ಒಮ್ಮೊಮ್ಮೆ ಅವಳು ಅಳುವಳು, ಇವನು ಬೆನ್ನು ತಟ್ಟುವನು.

ಬಳೆಗಾರ್ತಿ ಖಾಸಿಂಬಿ ಅದನ್ನು ನೋಡಿ ಹೆಗಲ ಮೇಲಿನ ಬಳೆಗಳ ಮಲಾರ ಇಳಿಸಿ ಅಲ್ಲೇ ಕೂತುಬಿಟ್ಟಳು. "ರೇವಕ್ಕಾ, ಆ ಗಡ್ಡದಂವ ಯಾರಾಗಬೇಕು ಈಕೀಗೆ?"

ಅದೇ ಪ್ರಶ್ನೆ ರೇವವ್ವನ ತಲೆಯನ್ನೂ ಕೊರೆಯುತ್ತಿತ್ತು. ನೆಟ್ಟಗೆ ಹೋಗಿ ಕೇಳಿದಳು. "ಬಾಯಾರ, ಅಂವ ನಿಮಗ ಏನಾಗಬೇಕ್ರಿ?"

"ಗೆಳೆಯರಿ," ಅಂದಳು ಹನ್ನಾ, ನಗುತ್ತ. "ಒಂದೇ ಹಡಗಿನ್ಯಾಗ ಬಂದ್ವಿರಿ."

ಅಯ್ಯೋ! ಇದಕ್ಕಿಂತ ಸುಮ್ಮನಿದ್ದರೇ ಚೆನ್ನಾಗಿತ್ತು. ಗಂಡಸಿಗೆ ಗೆಳೆಯ ಇರಬಹುದು, ಹೆಂಗಸಿಗೆ ಗೆಳತಿ ಇರಬಹುದು. ಗಂಡ ಇರುವ ಹೆಂಗಸಿಗೆ ಗಡ್ಡ ಇರುವ ಗೆಳೆಯನೇ? ಖಾಸಿಂಬಿ ಬಳೆಗಳನ್ನು ಹೊತ್ತು ಕಲಘಟಗಿಯತನಕ ನಡೆದಳು. ಈ ಸುದ್ದಿಯನ್ನೂ ಹೊತ್ತಳು.

ರೇವವ್ವ ಅಂಜಲು ಬೇರೆ ಕಾರಣವೂ ಇತ್ತು. ಕುಂದಗೋಳದ ಕಡೆ ಕುಬಿಹಾಳದಿಂದ ನೀಲಕ್ಕನಿಗೆ ಸಂಬಂಧ ಬಂದಿತ್ತು. ಎರೆಹೊಲ, ಎತ್ತು, ಎಂಟಂಕಣದ ಮನೆ. ಹುಡುಗನ ತಾಯಿ ಕಸ್ತೂರೆವ್ವ ಹೇಳಿ ಕಳಿಸಿದ್ದಳು: "ನಿಮ್ಮ ಮನ್ಯಾಗ ಎಂಥೆಂಥಾ ಮಂದಿ ಅದಾರಂತ ಕೇಳೇವಿ. ಸೋಮವಾರ ನಾನ ಬಂದು ನೋಡ್ತೇನಿ. ಆಮ್ಯಾಲ ಮಾತು."

ಅಂದರೆ ಈ ಬಾಡಿಗೆಯವರ ದೆಸೆಯಿಂದ ಮಗಳ ಲಗ್ನವೇ ತಪ್ಪುವ ಹಾಗಾಯಿತು. ಅವರನ್ನು ಓಡಿಸಿಬಿಡೋಣ ಅಂದರೆ ಬಸುರಿ. ಏಳು ತಿಂಗಳ ಬಸುರಿಯನ್ನು ಹೊಸ್ತಿಲು ದಾಟಿಸಿದವಳು ಅನ್ನುವ ಮಾತು ಬಂದರೆ ಕುಬಿಹಾಳ ಬಿಡಿ, ಯಾವ ಊರಿನವರೂ ಬರಲಿಕ್ಕಿಲ್ಲ. ಇಟ್ಟುಕೊಂಡರೆ ಅನುಮಾನ, ಕಳಿಸಿದರೆ ಪಾಪ.

ಆಗ ಅವಳ ತಲೆ ಓಡಿದ ಪರಿ ನೋಡಿ! ಕುಬಸ ಮಾಡೋಣ ಅಂದಳು.

ಕುಬಸ ಅಂದರೆ ಏಳನೇ ತಿಂಗಳಲ್ಲಿ ಬಸುರಿಗೆ ತವರಿನವರು ಸೀರೆ, ಕುಬಸ ಅನ್ನುವ ರವಿಕೆ, ಹಸಿರು ಬಳೆ ತಂದು ಉಡಿ ತುಂಬುವ ಶಾಸ್ತ್ರ. ಆ ತಾಟು ಹಿಡಿದು ಬರುವವನು ಅಣ್ಣ, ಇಲ್ಲವೇ ತಮ್ಮ. ಅದನ್ನು ಗಡ್ಡದವನ ಕೈಗೇ ಕೊಡಿಸುವುದು! ಮನಸ್ಸಿನಲ್ಲಿ ಬೇರೇನಾದರೂ ಇಟ್ಟುಕೊಂಡ ಗಂಡಸು ಐದು ಮಂದಿ ಮುತ್ತೈದೆಯರ ಎದುರು, ಅವಳ ಗಂಡನ ಎದುರು, ಅಣ್ಣನಾಗಿ ನಿಲ್ಲಲಾರ. ನಿಂತನೋ, ಜೀವ ಇರುವ ತನಕ ಅವನು ಅಣ್ಣನೇ. ನಿಲ್ಲದಿದ್ದರೆ ಎಲ್ಲ ಬಯಲು. ಇದೆಲ್ಲ ಕಸ್ತೂರೆವ್ವ ಬರುವ ಸೋಮವಾರವೇ, ಅವಳ ಕಣ್ಣ ಮುಂದೆಯೇ ಆಗಲಿ.

"ಇದೇನ ಹುಚ್ಚ ಲೇ ನಿಂದು? ಅವರು ಕ್ರಿಸ್ತರು," ಅಂದ ಈರಬಸಪ್ಪ.

"ಕ್ರಿಸ್ತರ ಬಸುರ್ಯಾರು ಹಡ್ಯೂದಿಲ್ಲೇನ?"

ನೀಲಕ್ಕ ಹೋಗಿ ತಿಳಿಸಿ ಹೇಳಿದಳು. ಹನ್ನಾ ಗಂಡನ ಮುಖ ನೋಡಿದಳು. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಬಾಗಿಲ ಸಂದಿಯಲ್ಲಿ ನಿಂತ ರೇವವ್ವ, ಒಂದು ಮಾತೂ ತಿಳಿಯದಿದ್ದರೂ, ಕಿವಿಯನ್ನು ಬಾಗಿಲಿಗೆ ಒತ್ತಿದಳು. ಒಲ್ಲೆ ಅಂದರೆ ಅನುಮಾನ ಖರೆ! ಕೊನೆಗೆ ಹನ್ನಾ ಹೊರಗೆ ಬಂದು, "ಆಗಲಿರಿ, ಮತಿಯಾಸ್ ಬರ್ತಾನರಿ," ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಅದು ಸಂತೋಷಕ್ಕೋ ಅಂಜಿಕೆಗೋ ಅಂತ ರೇವವ್ವ ರಾತ್ರಿಯೆಲ್ಲ ಮಗ್ಗಲು ಬದಲಿಸಿದಳು.

ಸೋಮವಾರ ಮುಂಜಾನೆಯ ಬಸ್ಸಿಗೆ ಕಸ್ತೂರೆವ್ವ ಬಂದಳು. ದಪ್ಪ ಮೈ, ದೊಡ್ಡ ಕುಂಕುಮ, ಹುಬ್ಬು ಸದಾ ಮೇಲೆ. ಪಡಸಾಲೆಗೆ ಕಾಲಿಟ್ಟವಳೇ ಮಾಡು ನೋಡಿದಳು, ಗೋಡೆ ನೋಡಿದಳು, ಮಣೆಯ ಮೇಲೆ ಕೂತ ಡೀಟರ್ ಮತ್ತು ಹನ್ನಾರನ್ನು ನೋಡಿದಳು. ಹನ್ನಾಗೆ ನೀಲಕ್ಕ ತನ್ನ ಸೀರೆ ಉಡಿಸಿದ್ದಳು, ಆ ಎತ್ತರಕ್ಕೆ ಅದು ಮೊಣಕಾಲಿಂದ ಗೇಣು ಕೆಳಗೆ ನಿಂತಿತ್ತು.

"ಈಕೀನೇ ಏನ?" ಅಂದಳು ಕಸ್ತೂರೆವ್ವ, ಎಮ್ಮೆ ವ್ಯಾಪಾರಕ್ಕೆ ಬಂದವರ ಧಾಟಿಯಲ್ಲಿ.

ಅಷ್ಟರಲ್ಲಿ ಫಟಫಟಿ ಸಪ್ಪಳ. ಮತಿಯಾಸ್ ಗಡ್ಡ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಯಾರೋ ತಾಟು ಕೊಟ್ಟರು. ಕಾಯಿ, ಎಲೆ ಅಡಿಕೆ, ಬಳೆಗಳ ಮೇಲೆ ತಾನು ತಂದ ಸೀರೆಯ ಪೊಟ್ಟಣವನ್ನಿಟ್ಟ. ಒಳಗೆ ಬಂದು ಹನ್ನಾಳ ಎದುರು ನಿಂತ. ಕಣ್ಣು ತಗ್ಗಲಿಲ್ಲ. ನೀಲಕ್ಕ ಕಲಿಸಿದ ಹಾಗೆ ಎಲ್ಲರಿಗೂ ಕೇಳಿಸುವಂತೆ, "ನಾ ಅಣ್ಣರಿ," ಅಂದ. ಡೀಟರ್ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟ.

ರೇವವ್ವನಿಗೆ ಉಸಿರು ಬಂತು. ಬಂದ ಉಸಿರು ಅಲ್ಲೇ ನಿಂತಿತು. ಪೊಟ್ಟಣ ಬಿಚ್ಚಿದರೆ ಒಳಗಿರುವುದು ಅಚ್ಚ ಬಿಳಿ ಸೀರೆ! ಅಂಚಿಲ್ಲ, ಬಣ್ಣವಿಲ್ಲ.

"ಯಪ್ಪಾ ಶಿವನೇ!" ಮುತ್ತೈದೆಯರೆಲ್ಲ ಹಿಂದೆ ಸರಿದರು. ಗಂಡ ಬಾಜು ಕೂತಿರುವಾಗ ವಿಧವೆಯ ಸೀರೆ! ಬಸುರಿಗೆ ಹಸಿರು ತರಬೇಕು ಅಂತ ಮತಿಯಾಸ್‌ಗೆ ಯಾರೂ ಹೇಳಿರಲಿಲ್ಲ. ಹೇಳಬೇಕು ಅನ್ನುವುದು ರೇವವ್ವನಿಗೆ ಹೊಳೆದೂ ಇರಲಿಲ್ಲ. ಸಕ್ಕರೆ ತಗೊಂಡು ಬಾ ಅಂದರೆ ಸಿಹಿ ಇರುವುದನ್ನು ತಾ ಅಂತ ಯಾರಾದರೂ ಹೇಳುತ್ತಾರೆಯೇ?

"ನೋಡ್ರಿ ಮತ್ತ!" ಕಸ್ತೂರೆವ್ವನ ಹುಬ್ಬು ಇನ್ನೂ ಮೇಲೇರಿತು. "ಗಂಡ ಸಾಯಲಿ ಅಂತ ತಂದಾನ ಈ ಅಣ್ಣ."

ಮತಿಯಾಸ್‌ನ ಮುಖ ಕೆಂಪಾಯಿತು. ಹನ್ನಾ ಮಾತು ತಿಳಿಯದೆ ನೀಲಕ್ಕನ ಕೈ ಹಿಡಿದಳು. ಬಳೆ ಇಡಿಸಲು ಬಂದ ಖಾಸಿಂಬಿ ಮೂಲೆಯಿಂದ ಹೇಳಿದಳು, "ಬೆಟಗೇರಿ ಕ್ರಿಸ್ತರ ಮನ್ಯಾಗ ಮದುಮಗಳಿಗೆ ಬಿಳೀ ಸೀರೀನ ಉಡಸ್ತಾರ ಯಕ್ಕಾ. ನಾನ ಎಷ್ಟೋ ಮಂದಿಗೆ ಬಳಿ ಇಡಿಸೇನಿ. ಅವರಿಗೆ ಅದ ಶುಭ."

ಎಲ್ಲರೂ ರೇವವ್ವನನ್ನು ನೋಡಿದರು. ಸೀರೆ ಬದಲಿಸಿ ತನ್ನದೊಂದು ಹಸಿರು ಸೀರೆ ಇಡಬಹುದಿತ್ತು. ಆದರೆ ಆಗ ಅದು ತವರಿನ ಸೀರೆಯಾಗುವುದಿಲ್ಲ, ಮತಿಯಾಸ್ ಅಣ್ಣನಾಗುವುದಿಲ್ಲ, ಮಾಡಿದ ಪರೀಕ್ಷೆಯೂ ನಿಲ್ಲುವುದಿಲ್ಲ. ರೇವವ್ವ ಎದ್ದಳು. ಆ ಬಿಳಿ ಸೀರೆಯನ್ನು ಬಾಚಿಕೊಂಡು ಬಚ್ಚಲಿಗೆ ಹೋದಳು. ತಾಮ್ರದ ಕೊಳಗಕ್ಕೆ ಡಬ್ಬಿಯಲ್ಲಿದ್ದ ಅರಿಷಿಣವನ್ನೆಲ್ಲ ಸುರಿದು ಸೀರೆಯನ್ನು ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು. ಮೊಣಕೈತನಕ ಹಳದಿ ಮಾಡಿಕೊಂಡು, ನೀರು ಸುರಿಯುವ ಹಳದಿ ಸೀರೆ ಹಿಡಿದು ಪಡಸಾಲೆಗೆ ಬಂದಳು.

"ತಗೋ ಅಣ್ಣಪ್ಪಾ, ಈಗ ಹೊದಸು ತಂಗೀಗೆ."

ಅವನು ಹೊದಿಸಿದ. ಹನ್ನಾ ನೆಂದು ತೊಪ್ಪೆಯಾದಳು, ನಕ್ಕಳು, ಅತ್ತಳು. ಖಾಸಿಂಬಿ ಅವಳ ಅಗಲವಾದ ಕೈಗೆ ಹಸಿರು ಬಳೆ ಏರಿಸುವಷ್ಟರಲ್ಲಿ ಒಂದಷ್ಟು ಬಳೆ ಒಡೆದವು. ಉಡಿ ತುಂಬಿದರು. ಕುಂಕುಮದ ಬಟ್ಟಲು ಹತ್ತಿರ ಬಂದಾಗ ಮಾತ್ರ ಹನ್ನಾ ಮೆಲ್ಲಗೆ ಕೈ ಅಡ್ಡ ಹಿಡಿದಳು. "ಅವ್ವಾರ, ಇದು ಬ್ಯಾಡ್ರಿ. ನಮ್ಮ ಪದ್ಧತಿ ಅಲ್ಲರಿ."

ರೇವವ್ವನಿಗೆ ಇದು ಸೇರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಆದರೂ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹನ್ನಾಳ ಗಲ್ಲಕ್ಕೆ ಅರಿಷಿಣವನ್ನಷ್ಟೇ ಹಚ್ಚಿದಳು.

"ಕುಂಕುಮ ಒಲ್ಲದಾಕಿ ಎಂಥಾ ಮುತ್ತೈದಿ?" ಅಂದಳು ಕಸ್ತೂರೆವ್ವ, ಸಜ್ಜಕದ ಹೋಳಿಗೆ ಮುರಿಯುತ್ತ.

"ಗಂಡ ಬಾಜು ಕುಂತಾನಲ್ಲವಾ. ಇನ್ನ ಹಣಿಮ್ಯಾಲ ಬರದು ತೋರಿಸಬೇಕೇನ?"

ಮುತ್ತೈದೆಯರು ಉಂಡು ಹೋಗಿ, ನೆಂದ ಹನ್ನಾ ಗಂಡ, ಅಣ್ಣನ ಜೊತೆ ತನ್ನ ಖೋಲಿಗೆ ಹೋದ ಮೇಲೆ ಕಸ್ತೂರೆವ್ವ ಗೋಡೆಗೆ ಒರಗಿ ಎಲೆ ಹಾಕಿಕೊಂಡಳು. "ನೋಡವಾ ರೇವವ್ವಾ, ಹುಡುಗಿ ನಮಗ ಪಸಂದ ಐತಿ. ಒಂದ ಮಾತು. ಈ ತವರ ಇಲ್ಲದ ಮಂದೀನ ನಾಳೆ ಮನಿ ಬಿಡಸು. ನಾಡಿದ್ದ ವೀಳ್ಯ ಹಿಡಿಯೂಣು."

ಇಗೋ, ಬೇಕಾದದ್ದು ಬಾಗಿಲಿಗೇ ಬಂದಿತ್ತು! ರೇವವ್ವ ಮಗಳ ಕಡೆ ನೋಡಿದಳು. ನೀಲಕ್ಕ ಒಡೆದ ಬಳೆಚೂರು ಆರಿಸುತ್ತಿದ್ದಳು. ತಲೆ ಎತ್ತದೆ, ತಾಯಿಗೆ ಮಾತ್ರ ಕೇಳುವ ಹಾಗೆ ಅಂದಳು: "ಯವ್ವಾ, ತವರ ದೂರ ಐತಂತ ಆಕೀಗೆ ಹಿಂಗ ಅಂತಾರ. ಕುಬಿಹಾಳಕ್ಕ ಹೋದ ಮ್ಯಾಲ ನನ್ನ ತವರೂ ದೂರನ ಅಲ್ಲೇನ?"

ರೇವವ್ವನ ಕಣ್ಣು ಸಣ್ಣಗಾಯಿತು. ಆ ಕಣ್ಣು ಹಾಗಾದರೆ ಈರಬಸಪ್ಪ ಎದ್ದು ಎತ್ತಿಗೆ ನೀರು ಕುಡಿಸಲು ಹೋಗುವುದು ವಾಡಿಕೆ. ಈಗಲೂ ಹೋದ.

"ಯಕ್ಕಾ, ನಿಮ್ಮ ಹಿರೀ ಸೊಸಿ ಕುಬಸಕ್ಕ ಯಾರ ಬಂದಿದ್ರು?"

"ಆಕೀದಾ?" ಕಸ್ತೂರೆವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಆಕೀಗೆ ಯಾರ ಅದಾರ? ಅಪ್ಪ ಅವ್ವ ಸತ್ತಾರ. ಅಣ್ಣ ಗೋವಾದಾಗ ಎಲ್ಲೋ ದುಡೀತಾನ."

"ಹಂಗಾರ ಉಡಿ ಯಾರ ತುಂಬಿದ್ರು? ನೀವ?"

"ಸುಗ್ಗಿ ಇತ್ತವಾ. ಯಾರಿಗೆ ಪುರಸೊತ್ತಿತ್ತು?"

ಮತ್ತೊಂದು ಪ್ರಶ್ನೆ ಕೇಳುವುದು ಉಳಿದಿರಲಿಲ್ಲ. ರೇವವ್ವ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. "ನೀರ ಕುಡೀರಿ ಯಕ್ಕಾ. ಕುಂದಗೋಳದ ಬಸ್ಸಿಗೆ ಹೊತ್ತಾತು. ನನ್ನ ಮಗಳನ್ನ ಸುಗ್ಗಿ ಇರೋ ಮನಿಗೆ ನಾ ಕೊಡೂದಿಲ್ಲ."

ಕಸ್ತೂರೆವ್ವ ಸೆರಗು ಕೊಡವಿ ಎದ್ದಳು. "ಈ ಹುಡುಗೀನ ಇನ್ಯಾರ ಮಾಡ್ಕೋತಾರ ನಾನೂ ನೋಡ್ತೇನಿ," ಅಂತ ಓಣಿಯ ತುದಿತನಕ ಅನ್ನುತ್ತಲೇ ಹೋದಳು. ಹೋಯಿತಲ್ಲ ಅಂಥ ಎರೆಹೊಲ! ನೀಲಕ್ಕ ಬಂದು ಅವ್ವನ ಹಳದಿ ಕೈಯನ್ನು ಹಿಡಿದುಕೊಂಡಳು. ರೇವವ್ವ ಕೈ ಬಿಡಿಸಿಕೊಂಡು, ಹೋಳಿಗೆಯ ತಾಟು ಎತ್ತಿಕೊಂಡು, ಮುಂದಿನ ಖೋಲಿಯ ಬಾಗಿಲು ತಟ್ಟಿದಳು.

ಒಳಗೆ ಮೂವರೂ ಉಣ್ಣುವ ಮೊದಲು ಕಣ್ಣು ಮುಚ್ಚಿ ಕೂತಿದ್ದರು. ಅವರು ಕಣ್ಣು ತೆರೆಯುವ ತನಕ ರೇವವ್ವ ಹೊಸ್ತಿಲಲ್ಲೇ ಕಾದಳು. ಆಮೇಲೆ ಮತಿಯಾಸ್‌ನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಅವನ ತಾಟಿಗೆ ಹೋಳಿಗೆ ಬಡಿಸಿ, ಮುಖವನ್ನು ಒಂದು ಸಲ ಕೆಳಗಿಂದ ಮೇಲೆ ನೋಡಿದಳು.

"ಎಲ್ಲಾ ಖರೆ ಅಣ್ಣಪ್ಪಾ. ಇಷ್ಟ ವಯಸ್ಸಾದ್ರೂ ನಿನಗ ಯಾಕ ಲಗ್ನ ಆಗಿಲ್ಲ? ಅದನ್ನ ಹೇಳು ಮೊದಲ."