ಬ್ಯಾರನ್ನಿನ ಬಾಗಿಲು

ಹುಣಸೂರಿನಲ್ಲಿ ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದೆ. ಹೆಂಗಸರಿಗೆಂದು ಇದ್ದದ್ದು ಹಿಂದಿನ ಒಂದು ಕೋಣೆ, ನಾಲ್ಕು ಮಂಚ. ನನಗೋ ನನ್ನ ಕೆಲಸದ ಬಗ್ಗೆ ಜಂಬ ಜಾಸ್ತಿ. ಯಾರು ಸುಳ್ಳು ಹೇಳುತ್ತಾರೆಂದು ಮುಖ ನೋಡಿಯೇ ಹೇಳಬಲ್ಲೆ ಎಂದುಕೊಂಡಿದ್ದೆ.

ಬೆಟ್ಟದಪುರದ ಕಡೆಯಿಂದ ಒಬ್ಬಳು ಬಂದಳು. ಮೂವತ್ತರ ಆಸುಪಾಸು, ಗಂಡನಿಲ್ಲ, ಹನ್ನೆರಡು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟಿದ್ದಳು. ಒಂದು ತಿಂಗಳಲ್ಲಿ ಕೈನಡುಕ ನಿಂತಿತು, ಊಟ ಸೇರತೊಡಗಿತು. ಆಮೇಲೆ ದಿನಾ ಒಂದೇ ರಾಗ.

"ಮನೆಗೆ ಕಳ್ಸಿ ಕಣಕ್ಕ. ಹೊಗೆಸೊಪ್ಪು ಬೇಯ್ಸೋ ಕಾಲ ಬಂತು. ನಾನು ಓಗ್ಲೇಬೇಕು."

ಕುಡಿಯುವುದಕ್ಕೆ ನೆಪ ಎಂದು ನಾನು ನಕ್ಕೆ. ನಮ್ಮ ಕಡೆ ಯಾರಿಗೆ ಏನೇ ಆಗಲಿ, ಸುಮ್ಮನೆ ಕೂರಿಸಬೇಡಿ, ಕೆಲಸಕ್ಕೆ ಹಚ್ಚಿ ಎನ್ನುತ್ತಾರೆ. ನಾನೂ ಅದೇ ನಂಬಿಕೆಯವಳು. ಅಷ್ಟು ಆಸೆಯಿದ್ದರೆ ಇಲ್ಲೇ ಮಾಡಲಿ ಎಂದು ಊರಾಚೆ ಪರಿಚಯದವರ ಬ್ಯಾರನ್ನಿಗೆ ಕರೆದುಕೊಂಡು ಹೋದೆ. ಹೊಗೆಸೊಪ್ಪು ಬೇಯಿಸುವ ಎತ್ತರದ, ಕಿಟಕಿಯಿಲ್ಲದಂಥ ಕಟ್ಟಡ ಅದು. ಅವಳು ಬೇಡವೆಂದಳು, ನಾನು ಕೇಳಲಿಲ್ಲ.

ಹೊರಗೆ ಚಪ್ಪರದಡಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುವಾಗ ಅವಳ ಬೆರಳು ಚಕಚಕ ಓಡುತ್ತಿದ್ದವು. ನನಗೆ ಖುಷಿಯೋ ಖುಷಿ. ಕಟ್ಟಿದ ಕಡ್ಡಿಗಳನ್ನು ಒಳಗೆ ಕೊಟ್ಟು ಬಾ ಎಂದು ನಾನೇ ಕಳಿಸಿದೆ. ಗಾಳಿಗೆ ಬಾಗಿಲು ಹಾಕಿಕೊಂಡಿತು. ಒಳಗಿಂದ ಬಂದ ಕೂಗಿಗೆ ಎಲ್ಲರೂ ಎದ್ದು ನಿಂತರು. ಬಾಗಿಲು ತೆಗೆದದ್ದೇ ತಡ, ಅವಳು ರಸ್ತೆ ಹಿಡಿದು ಓಡಿದಳು.

ಸಿಕ್ಕಿದ್ದು ಸಾರಾಯಿ ಅಂಗಡಿಯ ಹಿಂದೆ. ಎರಡು ಪ್ಯಾಕೆಟ್ ಆಗಿತ್ತು. ನನ್ನ ಶ್ರಮವೆಲ್ಲ ಮಣ್ಣುಪಾಲು ಮಾಡಿದೆಯಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಬೈಸಿಕೊಂಡಳು.

"ಹದಿನಾರು ವರ್ಸ ನಂಗೆ ಆಗ. ನಮ್ಮೂರ ಬ್ಯಾರನ್ ಒಳಗೆ ಅದರ ಯಜಮಾನ ಬಾಗ್ಲಾಕ್ಕಂಡ. ಆ ವಾಸ್ನೆ ಮೂಗ್ನಿಂದ ಓಗ್ಲಿ ಅಂತ ಕುಡ್ಯಾಕೆ ಸುರು ಮಾಡ್ದೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಎಷ್ಟು ಕುಡಿತೀಯಾ ಅಂತ ಕೇಳುದ್ರಿ. ಯೋಳ್ದೆ." ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಅತ್ತೆ ನನ್ ಮಗ್ಳುನ್ನ ಅದೇ ಬ್ಯಾರನ್ಗೆ ಕಳ್ಸೋ ಹಂಗವ್ಳೆ ಕಣಕ್ಕ. ಅದ್ಕೇ ಮನೆಗೆ ಓಯ್ತೀನಿ ಅಂದಿದ್ದು."

ಸಿಕ್ಕ ಬಸ್ಸು ಹತ್ತಿ, ಪಿರಿಯಾಪಟ್ಟಣದಲ್ಲಿ ಇಳಿದು, ಅಲ್ಲಿಂದ ಆಟೋ ಮಾಡಿಕೊಂಡು ಅವಳೂರಿಗೆ ಹೋದೆವು. ಹುಡುಗಿ ಮನೆಯ ಜಗಲಿಯ ಮೇಲೆ ಹೋಂವರ್ಕ್ ಬರೆಯುತ್ತಿದ್ದಳು. ನಾಳೆಯಿಂದ ಕೆಲಸಕ್ಕೆ ಹೋಗಬೇಕಂತೆ. ಇನ್ನೂ ಹೋಗಿರಲಿಲ್ಲ. ತಾಯಿ ಓಡಿಹೋಗಿ ಅವಳನ್ನು ತಬ್ಬಿಕೊಂಡಳು.

ಮಗು ಮೂಗು ಮುಚ್ಚಿಕೊಂಡು ಹಿಂದೆ ಸರಿಯಿತು. "ಮತ್ತೆ ಕುಡ್ದಿದ್ದೀಯೇನವ್ವಾ?"

ಅವಳು ನನ್ನ ಕಡೆ ತಿರುಗಿದಳು. ಕುಡಿಸಿದವಳು ನಾನು ಎಂದು ಆ ಮಗುವಿಗೆ ಹೇಳಬೇಕಿತ್ತು. ನಾನು ಆಟೋದವನಿಗೆ ಕೊಡುವ ದುಡ್ಡು ಎಣಿಸುತ್ತಾ ನಿಂತೆ.